ಬೆರಕೆ ಅಕ್ಕಿ

ಸುವಾಸಿನಿ ಟೀಚರಿಗೆ ಮೊಣಕಾಲಿನ ಆಪರೇಶನ್.
ಹಾಗಾಗಿ ನಾಲ್ಕು ಭಾನುವಾರ
ಜೆಪ್ಪುವಿನ ದೇವಾಲಯದ ಹಿಂದಿನ ಕೋಣೆಯಲ್ಲಿ
ಹನ್ನೊಂದು ಮಕ್ಕಳು, ಒಂದು ಕರಿಹಲಗೆ, ಮತ್ತು ನಾನು:
ಆರು ದಿನ ಬಸ್ಸುಗಳ ಅಡಿ ಅಂಗಾತ ಮಲಗುವವನು,
ಎಷ್ಟು ಉಜ್ಜಿದರೂ ಉಗುರಿನ ಗ್ರೀಸು ಹೋಗದವನು.

ಪಾಠ ಎಂಟು. ವಿಶ್ವಾಸ ಎಂದರೇನು?
ಪುಸ್ತಕದಲ್ಲಿ ಉತ್ತರ ಇದೆ, ಮೂರು ಸಾಲು.
ಓದಿದೆ. ಬರೆದುಕೊಂಡರು.
ಗಡಿಯಾರದಲ್ಲಿ ಇನ್ನೂ ನಲವತ್ತು ನಿಮಿಷ.

ಆಗ ನೆನಪಾದದ್ದು ಹಾಲಿನ ಪುಡಿಯ ಡಬ್ಬಿ.
ನಮ್ಮ ಒಲೆಯ ಪಕ್ಕ ಮಸಿ ಹಿಡಿದು ಹಿಡಿದು
ಅದರ ಮೇಲಿನ ಮಗುವಿಗೆ ಮುಖವೇ ಉಳಿದಿರಲಿಲ್ಲ.
ಎಸರಿಗೆ ಹಾಕುವ ಮೊದಲು ಅಮ್ಮ
ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು
ಅದರೊಳಗೆ ಬಿಡುತ್ತಿದ್ದಳು, ದಿನಾ,
ಪ್ರಾರ್ಥನೆ ಎಂದು ಹೆಸರಿಡದೆ.
ಹಂಚಿನ ಕಾರ್ಖಾನೆಯ ಮಣ್ಣು ಅವಳ ಬೆರಳ ಗೆರೆಗಳಲ್ಲಿ
ತೊಳೆದರೂ ಕೆಂಪು.
ಮೊದಲ ಸಲ ನಾನೂ ಕೈ ಹಾಕಿದಾಗ ಎರಡೂ ಕೈ ಸೇರಿಸಿದ್ದೆ.
"ಬೊಗಸೆ ಬೇಡ ಮಾರಾಯ. ಹಿಡಿ.
ನಿನ್ನದರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು."

ತಿಂಗಳ ಕೊನೆಗೆ ಎಲ್ಲ ಮನೆಯ ಡಬ್ಬಿಗಳೂ
ದೇವಾಲಯದ ಒಂದೇ ಗೋಣಿಗೆ ಬರಿದಾಗುತ್ತಿದ್ದವು.
ಆಮೇಲೆ ಎಲ್ಲಿಗೆ, ಕೇಳಿರಲಿಲ್ಲ.
ದೇವರು ಉಣ್ಣುತ್ತಾರೆ ಅಂದುಕೊಂಡಿದ್ದೆ.

ಕಾರ್ಖಾನೆಗೆ ಬೀಗ ಬಿದ್ದ ವರ್ಷ, ಆಟಿಯ ಒಂದು ರಾತ್ರಿ
ಪಾಲಕರ ಹೆಂಡತಿ ಸೆರಗಿನಡಿ ಒಂದು ಗಂಟು ತಂದು
ಬಾಗಿಲ ಹಿಂದೆ ಇಟ್ಟು, ಕೂರದೆ ಹೋದರು.
ಮರುದಿನದ ಅನ್ನ ವಿಚಿತ್ರ:
ಕುಚ್ಚಲಕ್ಕಿ ಇನ್ನೂ ಕಲ್ಲು, ಬೆಳ್ತಿಗೆ ಆಗಲೇ ಅಂಟು,
ನಡುವೆ ಯಾರದೋ ಹಳೇ ಅಕ್ಕಿಯ ಮುಗ್ಗಲು,
ಮತ್ತು, ನನ್ನ ಹಲ್ಲಿಗೇ ಸಿಕ್ಕಿದ್ದು,
ಯಾವುದೋ ಮಗುವಿನ ಅಂಗಿಯ ನೀಲಿ ಗುಂಡಿ.
ಬೇಯುವುದರಲ್ಲಿ ಒಂದಕ್ಕೊಂದು ಹೊಂದದ ಅಕ್ಕಿ.
ಅಪ್ಪ ತಟ್ಟೆ ನೋಡುತ್ತ ಬಹಳ ಹೊತ್ತು ಕೂತರು.
ಅಮ್ಮ ಆ ಗಂಟಿನಿಂದಲೂ
ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದ್ದಳು.
ನನಗೆ ಸಿಟ್ಟು ಬಂದಿತ್ತು.
ಈಗಲೂ ಸ್ವಲ್ಪ ಇದೆ.

ಇದನ್ನೆಲ್ಲ ಹೇಳಿದೆ, ಹೇಗೆ ಹೇಗೋ.
ಆಶೇರ್ ಕೇಳಿದ, "ಅಂಕಲ್, ಗೂಗಲ್ ಪೇ ಮಾಡಿದರೆ ಆಗುವುದಿಲ್ಲವಾ?"
ಎಲ್ಲರೂ ನಕ್ಕರು. ನಾನೂ.
ನಗದೆ ಕೂತವಳು ನಿರೀಕ್ಷಾ. ಹದಿನೈದು,
ಬರುವ ವರ್ಷ ದೃಢೀಕರಣ.
"ಆ ಗುಂಡಿ ಯಾರದೆಂದು ಗೊತ್ತಾಯಿತಾ?"
ಇಲ್ಲ.
"ನನಗೆ ವಿಶ್ವಾಸ ಇದೆಯೋ ಇಲ್ಲವೋ, ನನಗೇ ಗೊತ್ತಿಲ್ಲ.
ಅಂಥವರೂ ಹಾಕಬಹುದಾ?"

ಪುಟ ತಿರುಗಿಸಿದೆ. ಎಂಟರಲ್ಲಿ ಇರಲಿಲ್ಲ,
ಒಂಬತ್ತರಲ್ಲೂ.
ಅಮ್ಮನನ್ನು ಕೇಳೋಣವೆಂದರೆ
ಅವಳು ನಂದಿಗುಡ್ಡೆಯಲ್ಲಿ ಮಲಗಿ ಹದಿನಾರು ವರ್ಷ.
"ಇದೆಯಾ ಎಂದು ನನ್ನನ್ನೂ ಅವಳು ಕೇಳಲಿಲ್ಲ" ಎಂದೆ.
"ಮಣಿಕಟ್ಟು ಹಿಡಿದು ಡಬ್ಬಿಯ ಮೇಲೆ ತಂದಳು, ಅಷ್ಟೇ.
ನನಗೂ ಎಷ್ಟೋ ವರ್ಷ ಅದು ಬರೀ ಅಕ್ಕಿ."
ಗಂಟೆ ಹೊಡೆಯಿತು.
ಸರಿಯಾಗಿ ಹೇಳಿದೆನೋ ಇಲ್ಲವೋ.

ಇವತ್ತು ನಾಲ್ಕನೆಯ ಭಾನುವಾರ.
ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟೆ.
ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಬಂತು: ರೇಶನ್ನಿನದು,
ಆಶೇರನ ಮನೆಯ ಉದ್ದುದ್ದ ಬಿರಿಯಾನಿ ಅಕ್ಕಿ,
ಒಬ್ಬ ಪುಟ್ಟನದು ತಂದೆಯ ಕೈಬರಹದ ಚೀಟಿಯ ಸಮೇತ.
ಮೂವರು ಮರೆತು ಬಂದಿದ್ದರು.
ಕೊನೆಗೆ ನಿರೀಕ್ಷಾ. ಮುಚ್ಚಿದ ಮುಷ್ಟಿ.
ಡಬ್ಬಿಯ ಮೇಲೆ ತುಸು ಹೊತ್ತು ಹಿಡಿದು, ಬಿಚ್ಚಿದಳು.

ಅಕ್ಕಿ ಬಿದ್ದ ಸದ್ದು.
ಅದರ ಜೊತೆ ಇನ್ನೊಂದು, ಟಕ್ ಎಂದು.

ಇಣುಕಿ ನೋಡಲಿಲ್ಲ.
ಮುಚ್ಚಳ ಹಾಕಿದೆ.
ಯಾರ ಮನೆಯಲ್ಲಿ ಬೇಯುತ್ತದೋ
ಅವರ ಹಲ್ಲಿಗೆ ಸಿಕ್ಕಲಿ.