ಮನೆಯಲ್ಲಿ ಓದಿಕೊಳ್ಳಿ

ಹನ್ನೊಂದು ವರ್ಷ
ಈ ಪಾಠದ ಹೊಸ್ತಿಲಿಂದಲೇ ತಿರುಗಿ ಬಂದವಳು ನಾನು.
ಹೂವಿನ ಪರಾಗದವರೆಗೆ ದನಿಯೆತ್ತಿ ಹೇಳುವುದು,
ದಾಸವಾಳ ಸೀಳಿ ತೋರಿಸುವುದು,
ಆಮೇಲೆ ನಾಲ್ಕು ಪುಟ ಒಟ್ಟಿಗೇ ಮಗುಚಿ
'ಇದನ್ನ ಮನೆಯಲ್ಲಿ ಓದಿಕೊಳ್ಳಿ' ಅಂದು
ಬೋರ್ಡು ಒರೆಸಿ ವಿದ್ಯುತ್ತಿಗೆ ಹೋಗುವುದು.

ಈ ಸಲ ಏಳು ತಿಂಗಳು.
ಬೋರ್ಡಿಗೂ ನನಗೂ ನಡುವೆ ಹೊಟ್ಟೆ,
ಸೆರಗಿಗೆಲ್ಲ ಸೀಮೆಸುಣ್ಣ.
ಯಾವ ಮನೆಯಲ್ಲಿ ಓದಿಕೊಳ್ಳಿ ಅನ್ನಲಿ?
ಪುಟವೇ ಎದ್ದು ತರಗತಿಗೆ ನಡೆದು ಬಂದಿದೆ.

ಪರಶುರಾಂಪುರದ ಹೈಸ್ಕೂಲು, ಊಟದ ಮೇಲಿನ ಪೀರಿಯಡ್ಡು,
ಕಿಟಕಿಯಾಚೆ ಕಿತ್ತೊಟ್ಟಿದ ಶೇಂಗಾ ಬಳ್ಳಿ.
ಬೆಂಚಿನ ಕೆಳಗೆ ಕಾಯಿ ಬಿಡಿಸುವ ಸದ್ದು
ನಾನು 'ವೀರ್ಯಾಣು' ಎಂದು ಬರೆದಾಗ ನಿಂತೇ ಹೋಯಿತು.
ಅರ್ಕಾವೊತ್ತು ಇಡುವಾಗ ಸುಣ್ಣದ ತುಂಡು ಮುರಿಯಿತು.
ಓಬಳೇಶ ಕೆಮ್ಮಿದ.
ಪಾಲಯ್ಯ ಜಾಮೆಟ್ರಿ ಬಾಕ್ಸಿನೊಳಗೆ ಏನೋ ಹುಡುಕತೊಡಗಿದ.

ಹೇಳಿದೆ:
ಕೋಟಿಗಟ್ಟಲೆ ಹೊರಟು ಒಂದು ತಲುಪುತ್ತದೆ,
ಅಂಡನಾಳದಲ್ಲಿ ಕೂಡಿ, ಒಂದು ಎರಡಾಗಿ, ಎರಡು ನಾಲ್ಕಾಗಿ,
ಆರೇಳು ದಿನ ಉರುಳುತ್ತ ಬಂದು
ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ.
ಹೇಳಲಿಲ್ಲ:
ಎರಡು ಸಲ ಕಚ್ಚಿಕೊಳ್ಳದೆ ಹೋದದ್ದು,
ಚಳ್ಳಕೆರೆಯ ಡಾಕ್ಟರಮ್ಮನ ಬಾಗಿಲಲ್ಲಿ ಚೀಟಿ ಹಿಡಿದು
ನಾವಿಬ್ಬರೂ ಮುಖ ನೋಡಿಕೊಳ್ಳದೆ ಕೂತದ್ದು,
ಮೂರನೆಯ ಸಲ, ಕಡ್ಡಿಯ ಎರಡನೇ ಗೆರೆ
ತೀರಾ ತೆಳು ಕಂಡು, ನಂಬಿಕೆ ಸಾಲದೆ,
ಬಚ್ಚಲಿಂದ ಬಿಸಿಲಿಗೆ ಓಡಿ ನೋಡಿದ್ದು.
ಪರೀಕ್ಷೆಯಲ್ಲಿ ಅದಕ್ಕೆಲ್ಲ ಅಂಕವಿಲ್ಲ.

ಚಿತ್ರ ಬರೆದೆ. ತಲೆಕೆಳಗಾದ ಕೂಸು, ಜರಾಯು,
ನಡುವೆ ಸ್ಕೇಲಿಟ್ಟು ಎಳೆದಂಥ ಹೊಕ್ಕುಳಬಳ್ಳಿ.
ಕೊನೆಯ ಬೆಂಚಿಂದ ಕ್ಯಾತಮ್ಮ ಎದ್ದಳು.
ಹಟ್ಟಿಯ ಹುಡುಗಿ. ತಿಂಗಳಿಗೆ ಮೂರು ದಿನ ಗೈರು.
ಯಾಕೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ,
ಹಾಜರಿ ಪುಸ್ತಕಕ್ಕೆ ಗೊತ್ತಿತ್ತು.

'ಅದು ಹಂಗಿರಲ್ಲ ಮಿಸ್.
ಹುರಿ ಹೊಸೆದಂಗಿರ್ತೈತೆ. ನೀಲಿ. ಮುಟ್ಟಿದ್ರೆ ಕುಣೀತೈತೆ.
ಕುಣಿಯೋದು ನಿಂತ ಮ್ಯಾಲೇ ಕೊಯ್ಯಬೇಕು.'
'ಎಲ್ಲಿ ನೋಡಿದೆ?'
'ಹಟ್ಟಿ ಹೊರಗಿನ ಗುಡ್ಲಾಗೆ. ತಮ್ಮ ಹುಟ್ಟಿದಾಗ.
ಅಪ್ಪ ಕುರಿ ಹೊಡ್ಕಂಡು ಹಿರಿಯೂರ ಕಡೀಕೆ ಹೋಗಿದ್ದ,
ಅಮ್ಮನತ್ರ ನಾನೊಬ್ಳೆ.
ಕೂಸು ಬಂದ್ರೆ ಮುಗೀಲಿಲ್ಲ ಮಿಸ್, ಮಾಸು ಬರಬೇಕು.
ಅದು ಬರೋಗಂಟ ಅಮ್ಮ ನಮ್ಮೋಳಲ್ಲ.'

ಯಾರೂ ಕೆಮ್ಮಲಿಲ್ಲ.
ಸುಣ್ಣದ ತುಂಡು ಅವಳ ಕೈಗೆ ಕೊಟ್ಟೆ.
ಸ್ಕೇಲಿನ ಗೆರೆ ಅಂಗೈಯಲ್ಲೇ ಅಳಿಸಿ,
ತೊಡೆಯ ಮೇಲೆ ಹಗ್ಗ ಹೊಸೆದು ರೂಢಿಯಾದ ಕೈ
ಬೋರ್ಡಿನ ಮೇಲೆ ಸುತ್ತು ಸುತ್ತಾಗಿ ಎಳೆಯಿತು.
ಅದೇ ಹೊತ್ತಿಗೆ ನನ್ನೊಳಗೊಂದು ಒದೆತ.
ಪಾಲಯ್ಯ ನೋಟುಬುಕ್ಕಿಗೆ ಇಳಿಸಿಕೊಂಡ,
ಜರಾಯು ಅಂತ ಬರೆದು, ಪಕ್ಕದಲ್ಲಿ,
ನಾನು ಹೇಳದಿದ್ದರೂ, 'ಮಾಸು' ಅಂತಲೂ ಬರೆದ.

ಗಂಟೆ ಹೊಡೆದ ಮೇಲೆ ಬಾಗಿಲ ಹತ್ತಿರ ಬಂದು:
'ಕುರಿ ಈಯೋಕ್ ಮುಂಚೆ ಮಂದೆ ಬಿಟ್ಟು ಒಂಟಿ ನಿಲ್ತೈತೆ,
ನೆಲ ಕೆರೀತೈತೆ.
ಹೆದ್ರಿ ಅಲ್ಲ ಮಿಸ್. ಜಾಗ ಮಾಡ್ಕಣಾಕೆ.'

ಎರಡು ತಿಂಗಳಾಗಿ, ದುರ್ಗದ ಆಸ್ಪತ್ರೆ,
ರಾತ್ರಿ ಎರಡೂವರೆ, ಕಬ್ಬಿಣದ ಮಂಚ.
'ಇನ್ನೂ ಎರಡೇ ಬೆರಳು' ಅಂದು ನರ್ಸಮ್ಮ ಹೋದರು.
ಹನ್ನೊಂದು ವರ್ಷದ ಪಾಠ ಟಿಪ್ಪಣಿಯೆಲ್ಲ
ಸೊಂಟದ ಬುಡದಲ್ಲಿ ಮುರಿದು ಬಿತ್ತು.
ನೋಡುತ್ತೇನೆ, ನನ್ನ ಬಲಗೈ
ಹಾಸನ್ನು ಕೆರೆಯುತ್ತಿದೆ.
ಹೆದರಿಯೂ ಇದ್ದೆ, ಅವಳು ಹೇಳಿದ್ದು ಅರ್ಧ ನಿಜ.
ಆದರೂ ಕೆರೆದೆ.

ನಸುಕಿಗೆ ಮಗಳನ್ನು ಎದೆಯ ಮೇಲಿಟ್ಟರು,
ಒದ್ದೆ, ಬಿಸಿ, ಸಿಟ್ಟಿನ ಮುಖ.
ಕತ್ತರಿ ಕಂಡು 'ತಾಳಿ, ನಿಲ್ಲಲಿ' ಅಂದೆ.
'ಯಾರಮ್ಮ ನಿನಗೆ ಹೇಳಿಕೊಟ್ಟಿದ್ದು?' ನರ್ಸಮ್ಮ ನಕ್ಕರು.
ಬೆರಳಿಟ್ಟೆ.
ನೀಲಿ. ಹುರಿ. ಕುಣಿಯುತ್ತಿತ್ತು.
ಮೆಲ್ಲಗಾಯಿತು. ನಿಂತಿತು.

ಮಗಳು ಅಳುತ್ತಿದ್ದಳು.
ನಾವೆಲ್ಲ ಇನ್ನೂ
ಮಾಸಿಗೆ ಕಾಯುತ್ತಿದ್ದೆವು.