ಅನುಬಂಧ ಬಿ

ಮನೆ ಮಾರತಕ್ಕದ್ದು ಅಂತ ಆಜ್ಞೆ.
ಹದಿನಾಲ್ಕು ಕಲಮು, ಒಂಬತ್ತು ಪುಟ,
ಕೊನೆಗೊಂದು ಮುದ್ರೆ.
ಏಜೆಂಟ್ ಯಾರು, ಕನಿಷ್ಠ ಬೆಲೆ ಎಷ್ಟು,
ಬ್ಯಾಂಕಿನದು ಕಳೆದು ಉಳಿದದ್ದರಲ್ಲಿ
ನನಗೆ ನೂರಕ್ಕೆ ಐವತ್ತೆಂಟು, ಮಿಕ್ಕದ್ದು ಅವನಿಗೆ.
ಎಲ್ಲ ಓದಿ ಹೇಳಿದಳು ವಕೀಲೆ,
ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸುತ್ತ.

ನಾನು ಏಳನೆಯದರಲ್ಲೇ ನಿಂತುಬಿಟ್ಟೆ:
'ಗಂಡನು ಶನಿವಾರ ಹತ್ತರಿಂದ ಒಂದರವರೆಗೆ
ಮನೆಯೊಳಗೆ ಪ್ರವೇಶಿಸಿ
ಅನುಬಂಧ ಬಿ-ಯಲ್ಲಿ ಕಾಣಿಸಿದ ರಿಪೇರಿಗಳನ್ನು
ಇಪ್ಪತ್ತೆಂಟು ದಿನಗಳೊಳಗೆ ಮುಗಿಸತಕ್ಕದ್ದು.'

ಅನುಬಂಧ ಬಿ ನನಗೆ ಬಾಯಿಪಾಠ.
ಹನ್ನೊಂದು ವರ್ಷ ಅದನ್ನೇ ಓದಿ ಹೇಳಿದ್ದೆ
ಅವನ ಬೆನ್ನಿಗೆ, ಅವನು ಹಿಡಿದ ಪೇಪರಿಗೆ,
ಕೊನೆಕೊನೆಗೆ ಫ್ರಿಜ್ಜಿನ ಬಾಗಿಲಿಗೆ:
ತೊಟ್ಟಿಕ್ಕುವ ನಲ್ಲಿ,
ಸೂರಿನಿಂದ ಜೋತುಬಿದ್ದ ತಗಡಿನ ದೋಣಿ,
ಥಂಡಿಗೆ ಉಬ್ಬಿ ಚೌಕಟ್ಟು ಕಚ್ಚಿಕೊಳ್ಳುವ ಹಿತ್ತಲ ಬಾಗಿಲು.
ನನ್ನ ನಾಲಿಗೆ ಸವೆದದ್ದು
ಎ-ಯಲ್ಲೂ ಇಲ್ಲ, ಬಿ-ಯಲ್ಲೂ ಇಲ್ಲ.

ಮೊದಲ ಶನಿವಾರ. ಜುಲೈ.
ಟೇಮಾರ್ ನದಿಯ ಮಂಜು ಬೀದಿಯ ಏರು ಹತ್ತಿ
ಬೇಲಿಯ ಹತ್ತಿರ ದಮ್ಮು ತೆಗೆದುಕೊಳ್ಳುತ್ತಿತ್ತು.
ಹತ್ತಕ್ಕೆ ಸರಿಯಾಗಿ ಬಂದ ಲಾಕ್ಲನ್,
ತನ್ನ ಮದುವೆಗೂ ತಡವಾಗಿ ಬಂದವ.
ಬೆಲ್ ಒತ್ತಿದ. ಒತ್ತಿದ. ಕಾದ.
ಬೆಲ್ಲೂ ಕೆಟ್ಟಿತ್ತು. ಪಟ್ಟಿಯಲ್ಲಿ ನಾಲ್ಕನೆಯದು.

ಕಾಫಿ ಕೊಡಲಾ ಅಂದೆ. ಕಲಮಿನಲ್ಲಿ ಅದರ ಸೊಲ್ಲಿಲ್ಲ.
ಬೇಡ ಅಂದು ಕುಡಿದ, ಏಣಿಯ ಮೇಲೆ ನಿಂತೇ.
ಟ್ಯಾಮ್ಸಿನ್ ಕೆಳಗಿಂದ ಮೊಳೆ ಕೊಡುತ್ತಿದ್ದಳು
ಒಂದೊಂದೇ,
ಡಬ್ಬಿ ಬೇಗ ಖಾಲಿಯಾಗದ ಹಾಗೆ.

ಆಮೇಲೆ ಬಾಗಿಲು ಕಳಚಿ ಅಡ್ಡ ಮಲಗಿಸಿ
ಕೀಸುಳಿ ಹಿಡಿದ.
ಎಂಥ ಕೈ! ಸುರುಳಿ ಸುರುಳಿ ಹೊಟ್ಟು,
ಎಲ್ಲೂ ತಡೆಯದೆ, ಎಲ್ಲೂ ಹೆಚ್ಚು ಕೊರೆಯದೆ.
ನನಗೆ ಮೈಯೆಲ್ಲ ಉರಿದುಹೋಯಿತು.
ಪಾಪ, ಅವನಿಗೆ ಬಾರದ ಕೆಲಸ ಅಂತಲೇ
ಇಷ್ಟು ವರ್ಷ ಕ್ಷಮಿಸಿಕೊಂಡು ಬಂದಿದ್ದೆ.

ನಾಲ್ಕು ಶನಿವಾರಕ್ಕೆ ಬಿ ಮುಗಿಯಿತು.
ಡೆವನ್‌ಪೋರ್ಟಿನ ನರ್ಸ್ ಗಂಡಹೆಂಡಿರು
ನಲ್ಲಿ ತಿರುಗಿಸಿ ನೋಡಿದರು, ಬೆಲ್ ಒತ್ತಿ ನಕ್ಕರು,
'ಎಷ್ಟು ಅಕ್ಕರೆಯಿಂದ ಇಟ್ಟುಕೊಂಡಿದ್ದೀರಿ' ಅಂದರು.
ಏಜೆಂಟ್ ದಿಮಿತ್ರಾ ನನ್ನ ಬಾಯನ್ನೇ ನೋಡುತ್ತಿದ್ದಳು.
ಹೌದು ಅಂದೆ. ಬೆಲೆ ಕುದುರಿತು.

ರಾತ್ರಿ ಒಲೆಗೆ ಸೌದೆ ತರಲು ಹೋದೆ.
ಎರಡೂ ಕೈ ತುಂಬ ಹೊತ್ತು ಹಿಂದಿರುಗಿ
ಎಂದಿನಂತೆ ಭುಜ ಕೊಟ್ಟು ಬಾಗಿಲು ದೂಡಿದೆ,
ಮೈಯ ಭಾರವೆಲ್ಲ ಬಿಟ್ಟು.
ಅದು ಸುಮ್ಮನೆ ತೆರೆದುಕೊಂಡಿತು.
ಮುಗ್ಗರಿಸಿದವಳು ಸಿಂಕ್ ಹಿಡಿದೇ ನಿಂತದ್ದು.

ಸೌದೆ ಆರಿಸುತ್ತ ಲೆಕ್ಕ ಹಾಕಿದೆ:
ಕೀಲಿಕೈ ಒಪ್ಪಿಸಲು ಇನ್ನು ಹತ್ತೊಂಬತ್ತು ದಿನ.
ಭುಜಕ್ಕೆ ಮರೆಯಲು
ಅಷ್ಟು ಸಾಲದು.