ಅಂಡರ್‌ಪಾಸ್ ಗೋಡೆಗೆ ಅಳತೆ ಬರೆದದ್ದು

ಫ್ಲೆಕ್ಸ್ ಬಂದ ಮೇಲೆ ನನ್ನ ಕುಂಚಕ್ಕೆ ಅಕ್ಷರ ಮರೆತೇಹೋಗಿತ್ತು.
ಹದಿನಾಲ್ಕು ವರ್ಷ ಶಟರ್‌ಗಳಿಗೆ ಬರೀ ಹಸಿರು ಬಳಿದೆ.
ಈ ಮಾರ್ಚ್ ಕೊನೆಗೆ ವಾರ್ಡ್ ಆಫೀಸಿಂದ ಫೋನು:
'ಪಿಳ್ಳಪ್ಪನವರೇ, ಅಂಕಿ ಬರೀತೀರಾ?'

ರೈಲು ಹಳಿಯ ಕೆಳಗಿನ ಅಂಡರ್‌ಪಾಸು.
ನೆಲದಿಂದ ಮೇಲಕ್ಕೆ ಹತ್ತು ಸೆಂಟಿಮೀಟರಿಗೊಂದು ಗೀಟು,
ಎಲ್ಲೋ ಒಂದು ಕಡೆ ಗೋಡೆಯುದ್ದಕ್ಕೂ ಕೆಂಪು ಪಟ್ಟಿ:
ನೀರು ಇದನ್ನು ಮುಟ್ಟಿದರೆ ನಿಲ್ಲಿ.

'ಎಲ್ಲೋ ಅಂದ್ರೆ ಎಲ್ಲಿ ಮೇಡಂ?'
ಇಂಜಿನಿಯರ್ ರುಕ್ಸಾನಾ ಫೈಲು ಮಡಚಿದರು.
'ಹಳೇ ಲೆಕ್ಕದಲ್ಲಿ ಅರವತ್ತು. ಆ ಲೆಕ್ಕ ಹಾಕಿದಾಗ
ಒಂದು ತಿಂಗಳ ಮಳೆ
ಒಂದು ತಿಂಗಳು ತಗೊಳ್ತಿತ್ತು.'

ಎನಾಮೆಲ್ ಕುಂಚದಲ್ಲೇ ಹೆಪ್ಪುಗಟ್ಟುವ ಬಿಸಿಲು,
ಟಾರು ಚಪ್ಪಲಿ ಬಿಡುತ್ತಿರಲಿಲ್ಲ.
ಆ ಬಿಸಿಲಲ್ಲಿ ನಿಂತು ನಾವು ನೀರಿನ ಮಾತಾಡಿದೆವು.
ಹೋಗಿಬರುವವರು ನಕ್ಕರು.

ಆಟೋದ ಸೆಲ್ವರಾಜ್ ಪಾದದ ಮೇಲೊಂದು ಗೇಣು ತೋರಿಸಿದ:
'ಇಲ್ಲಿಗೆ ಬಂದ್ರೆ ಸೈಲೆನ್ಸರ್ ನೀರು ಕುಡೀತದೆ,
ಮೂರು ದಿನದ ದುಡಿಮೆ ಮೆಕ್ಯಾನಿಕ್ ಪಾಲು.'
ಬಸ್ಸಿನ ಗಂಗಹನುಮಯ್ಯ ಎರಡನೇ ಮೆಟ್ಟಿಲು ಮುಟ್ಟಿದರು:
'ಹಳೇ ಗಾಡಿ ಇಲ್ಲಿವರೆಗೂ ನುಗ್ಗೋದು.
ಈ ಬ್ಯಾಟರಿ ಗಾಡಿದು ನಮಗ್ಯಾರೂ ಹೇಳಿಲ್ಲಪ್ಪ.'

ಹೂ ಮಾರುವ ತಾಯಮ್ಮ ಟೇಪಿನ ಕಡೆ ನೋಡಲೇ ಇಲ್ಲ.
ಮೊಮ್ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು,
ಮೊಣಕಾಲ ಮೇಲೆ ಕೈಯಿಟ್ಟಳು.
'ಇದರ ಮೇಲೆ ಬಂದ್ರೆ ಕಾಲು ನಿಲ್ಲಲ್ಲ. ಹೋದ ವರ್ಷ ನೋಡಿದೀನಿ.'
ಏನು ನೋಡಿದೆ ಎಂದು ಯಾರೂ ಕೇಳಲಿಲ್ಲ.
ಮೇಡಂ ಬಗ್ಗಿ ಅಳೆದರು. ಮೂವತ್ತೊಂದು.

ಮೂವತ್ತಕ್ಕೆ ಕೆಂಪು ಹಾಕಿದೆ.

ಮೂರರ ಹೊಟ್ಟೆ, ಒಂಬತ್ತರ ಬಾಲ, ಕೈ ನೆನಪಿಟ್ಟುಕೊಂಡಿತ್ತು.
ಪ್ರತಿ ಅಂಕಿಗೂ ನೆರಳು ಕೊಟ್ಟೆ, ಸಿನಿಮಾ ಬೋರ್ಡಿನ ಹಾಗೆ.
'ನೆರಳು ಬೇಡ ಪಿಳ್ಳಪ್ಪನವರೇ, ಎಸ್ಟಿಮೇಟಿನಲ್ಲಿಲ್ಲ' ಎಂದರು.
ನೆರಳಿಗೆ ದುಡ್ಡು ಕೇಳಲಿಲ್ಲ ನಾನು.

ನಮ್ಮ ಮುತ್ತಾತ ಕೆರೆಗೆ ನೀರುಗಂಟಿ.
ತೂಬಿನ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿದ್ದನಂತೆ,
ಒಂದೊಂದು ಕಚ್ಚು ನೀರೇರಿದಾಗಲೂ ಊರೇ ಏರಿಯ ಮೇಲೆ:
ಇನ್ನೆಷ್ಟು, ಇನ್ನೆಷ್ಟು?
ಆ ಕಲ್ಲು ಈಗ ಯಾವ ಅಪಾರ್ಟ್‌ಮೆಂಟಿನ ಪಾಯದಲ್ಲಿದೆಯೋ.
ಅದೇ ಇಳಿಜಾರಿನ ನೀರಿಗೆ ನಾನೂ ಗೀಟೆಳೆಯುತ್ತಿದ್ದೇನೆ,
ಸಾಕು, ಸಾಕು, ಎಂದು.

'ಇಷ್ಟು ಕೆಳಗಾ? ಮಳೆ ಬಂದಾಗೆಲ್ಲ ರೋಡ್ ಬಂದಾ?'
ಮೇಲಿನವರು ಕೇಳಿದರಂತೆ.
ಮೇಡಂ ಏನು ಹೇಳಿದರೋ, ಪಟ್ಟಿ ಅಲ್ಲೇ ಉಳಿಯಿತು.
ಚರಂಡಿಯಿಂದ ಎರಡು ಲಾರಿ ಹೂಳೆತ್ತಿದರು,
ಒಂದು ಸೋಫಾ ಕೂಡ. ಎರಡನೇ ಪಂಪು ಬಂತು.

ಮೇ ತಿಂಗಳ ಒಂದು ಸಂಜೆ, ನಾಲ್ಕಕ್ಕೇ ಕತ್ತಲು.
ನಾನು ಬೇಕರಿ ಶಟರಿನ ಕೆಳಗೆ.
ಹತ್ತು ಮುಳುಗಿತು, ನೆರಳಿನ ಸಮೇತ.
ಇಪ್ಪತ್ತು. ಕೆಂಪು.
ಗಂಗಹನುಮಯ್ಯ ಇಳಿಜಾರಿನ ಬಾಯಲ್ಲಿ ಬಸ್ಸು ನಿಲ್ಲಿಸಿದರು.
'ಒಂದು ಗೀಟಿಗೆ ಹೆದರ್ತೀರಲ್ರೀ!' ಕಿಟಕಿ ಕಿಟಕಿಯಿಂದಲೂ ಬೈಗುಳ.
ಅವರು ಜೇಬಿಂದ ಕಡಲೆಕಾಯಿ ತೆಗೆದು
ಒಂದೊಂದೇ ಸುಲಿಯತೊಡಗಿದರು.
ಅರವತ್ತು. ತೊಂಬತ್ತು. ನೂರಾ ನಲವತ್ತರಲ್ಲಿ
ನೀರು ಉಸಿರು ಬಿಗಿಹಿಡಿದಂತೆ ನಿಂತಿತು.
ಎಂಟೂವರೆಗೆ ಅಂಕಿಗಳು ಮೇಲಿನಿಂದ
ಒಂದೊಂದಾಗಿ ವಾಪಸಾದವು, ಕೆಸರು ಮೆತ್ತಿಕೊಂಡು.

ಮಾರನೇ ದಿನ ಪೇಪರು ಪುಟಪುಟ ತಿರುವಿದೆ.
ನಮ್ಮ ಅಂಡರ್‌ಪಾಸಿನ ಹೆಸರೇ ಇಲ್ಲ.
ಮತ್ತೊಮ್ಮೆ ತಿರುವಿದೆ, ಖಾತ್ರಿಗೆ.

ಬಿಲ್ಲು ಇನ್ನೂ ಪಾಸಾಗಿಲ್ಲ.
ಬಕೆಟ್ಟು ಹಿಡಿದು ಗೋಡೆ ತೊಳೆಯುತ್ತಿದ್ದಾಗ ಮೇಡಂ ಬಂದರು,
ನನ್ನ ಕೊನೆಯ ಅಂಕಿ ನೂರೈವತ್ತರ ಮೇಲಿನ
ಖಾಲಿ ಸಿಮೆಂಟನ್ನೇ ಸುಮಾರು ಹೊತ್ತು ನೋಡಿದರು.
'ಮೂರು ಮೀಟರಿನವರೆಗೂ ಬರೆದುಬಿಡಿ.'

ನಾಳೆ ಏಣಿ ತರಬೇಕು.